ಚೀನಾಕ್ಕೆ ಹೋಗಿ ನಿಂತು ಬಂದದ್ದು

ಮನೆ ಬಿಟ್ಟು ಕದಲದವರಿಗೆ ಇಂಥವು ಆಗುವುದಿಲ್ಲ. ನನ್ನಂತೆ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರಿಗೆ ಊರ ಅಗಸಿ ದಾಟಿದರೆ ಒಂದು, ಬಸ್ ಹತ್ತಿದರೆ ಒಂದು. ವಿಮಾನ ಹತ್ತಿಸಿದರಂತೂ ಕೇಳಲೇಬೇಡಿ.

ಏಳನೇ ಇಯತ್ತೆಗೆ ಸಾಲಿ ಬಿಟ್ಟೆ. ಲಾರಿ ಕ್ಲೀನರ್ ಆಗಿ ಹೈದರಾಬಾದಿಗೆ ಹೋದವನು ಅಲ್ಲೊಬ್ಬ ಉಸ್ತಾದರ ಹತ್ತಿರ ಕುಂಗ್‌ಫೂ ಕಲಿತೆ. ತಿರುಗಿ ಬಂದು ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ, ಆಮೇಲೆ ಸಿಂಧನೂರು, ಮಸ್ಕಿ, ಲಿಂಗಸುಗೂರು ನಡುವೆ ಓಡುವ ಟೆಂಪೋಕ್ಕೆ ಕಂಡಕ್ಟರ್. ಈಗ ಗಿರಣಿ ಹಿಂದಿನ ಬಯಲಿನಲ್ಲಿ ಮಕ್ಕಳಿಗೆ ಕುಂಗ್‌ಫೂ ಹೇಳಿಕೊಡುತ್ತೇನೆ. ಒಂದು ಕಡೆ ನಿಲ್ಲುವುದು ಮಾತ್ರ ನನ್ನಿಂದ ಆಗದ ಮಾತು. ರೇಷನ್ ಪಾಳಿಗೆ ಕಳಿಸಿದರೆ ಚೀಲವನ್ನು ಪಾಳಿಯಲ್ಲಿ ಬಿಟ್ಟು ನಾನು ಚಹಾದಂಗಡಿಯಲ್ಲಿರುತ್ತೇನೆ. ಎರಡು ಸಲ ಚೀಲವೇ ಕಳೆದು ಹೋದ ಮೇಲೆ ಹೆಂಡತಿ ನನ್ನನ್ನು ಕಳಿಸುವುದನ್ನು ಬಿಟ್ಟಳು.

ನಮ್ಮ ಮನೆ ಬಾಜೂಕ ಒಂದು ಪತ್ರಾಸಿನ ಶೆಡ್ ಇದೆ. ಅದರಲ್ಲಿ ಕ್ಲಾಸ್ ಹಾಕಬೇಕೆಂಬುದು ನನ್ನ ಆಸೆ. ಆಕೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವಾಕೆ. ಅಲ್ಲಿ ಇನ್ನೊಂದೆರಡು ಒಲೆ ಹೂಡಬೇಕೆಂಬುದು ಆಕೆಯ ಆಸೆ. ಅಷ್ಟರಲ್ಲಿ ಚೀನಾದ ಒಂದು ಕುಂಗ್‌ಫೂ ಶಾಲೆಯವರು ಹೊರದೇಶದವರಿಗೆ ತರಬೇತಿ ಶಿಬಿರ ಇಟ್ಟಿದ್ದಾರೆ, ಜೊತೆಗೆ ಅವರ ಸಂಸ್ಕೃತಿಯನ್ನೂ ಕಲಿಸುತ್ತಾರೆ ಎಂಬ ಸುದ್ದಿ ಬಂತು. ಗಿರಣಿ ಸಾವಕಾರರು ಟಿಕೆಟ್ ತೆಗೆಸಿಕೊಟ್ಟರು. ಹೊರಟವರು ಮೂವರು. ಸಿಂಧನೂರಿನಿಂದ ನಾನು, ಲಿಂಗಸುಗೂರಿನಿಂದ ಸಾಲಿಯ ಡ್ರಿಲ್ ಮಾಸ್ತರು, ಮಸ್ಕಿಯಿಂದ ಒಬ್ಬ ಟೇಲರ್ ಭಾಯಿ. ಭಾಯಿ ಹಗಲೆಲ್ಲ ಮಷೀನು ತುಳಿದು, ಸಂಜೆ ಮಸ್ಕಿ ಗುಡ್ಡದ ಬುಡದಲ್ಲಿ ಹುಡುಗರಿಗೆ ಕರಾಟೆ ಕಲಿಸುವವರು.

ಬಸ್ಟ್ಯಾಂಡಿನಲ್ಲಿ ಹೆಂಡತಿ ರೊಟ್ಟಿ ಗಂಟು ಕೈಗಿತ್ತು ಹೇಳಿದಳು: "ಸಾಲಿ ಬಿಟ್ರಿ, ಲಾರಿ ಬಿಟ್ರಿ, ಗಿರಣಿ ಬಿಟ್ರಿ, ಟೆಂಪೋ ಬಿಟ್ರಿ. ಇದೊಂದನ್ನರ ಮುಗಿಸಿ ಸರ್ಟಿಫಿಕೇಟ್ ತಂದ್ರ ಶೆಡ್ ನಿಮ್ಗ. ಅರ್ಧಕ್ಕ ಬಿಟ್ಟು ಬಂದ್ರ ಅವತ್ತ ಒಲಿ ಹೂಡ್ತೀನಿ."

೧. ಪಾದಕ್ಕೆ ಬಿದ್ದದ್ದು

ಗುರುವಿನ ಹತ್ತಿರ ಬರಿಗೈಯಲ್ಲಿ ಹೋಗಬಾರದೆಂದು ಊದಿನಕಡ್ಡಿ ಒಯ್ದಿದ್ದೆ. ಸಿಂಧನೂರಿನ ಅಂಗಡಿಯಲ್ಲಿ ನಾನು ಸಣ್ಣ ಪಾಕೀಟಿಗೆ ಕೈ ಹಾಕಿದಾಗ ಭಾಯಿ ಕೈ ಹಿಡಿದಿದ್ದರು. "ಅರೇ ಮಿಯಾ, ನಕ್ಕೋ! ಚೀನಾಕ್ಕ ಹೊಂಟೀವಿ, ಇದೇನು ಸೊಳ್ಳಿ ಓಡ್ಸಾಕ ಒಯ್ತೀಯೇನು? ದರ್ಗಾದ ಉರುಸಿಗೆ ಹಚ್ಚೋದು ತಗೋ." ಅದು ಬೆರಳಿನ ದಪ್ಪ, ಮೊಳದುದ್ದದ ಕಡ್ಡಿ. ಅದನ್ನೇ ತೆಗೆದುಕೊಂಡೆ.

ಶಿಬಿರದ ಬಯಲಿನಲ್ಲಿ ಬಿಳಿ ಗಡ್ಡದ ಹಿರಿಯ ಗುರುಗಳು ನಿಂತಿದ್ದರು. ಪಕ್ಕದಲ್ಲಿ ಹಿಂದಿ ಬಲ್ಲ ಚೀನಾದ ಹುಡುಗಿ. ಆಕೆಯ ಹಿಂದಿ ಎಷ್ಟು ಶುದ್ಧವೆಂದರೆ ನಮ್ಮ ಮೂವರಿಗೂ ಅರ್ಧ ತಿಳಿಯುತ್ತಿರಲಿಲ್ಲ. ನಾನು ಪಾಕೀಟನ್ನು ಆಕೆಯ ಕೈಗಿಟ್ಟು ಗುರುಗಳತ್ತ ಗಡಬಡಿಸಿ ಹೋದೆ, ಬಗ್ಗಿ ಎರಡೂ ಪಾದಕ್ಕೆ ಕೈ ಹಾಕಿದೆ.

ಮುಂದೆ ಏನಾಯಿತೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಆಕಾಶ ಕಂಡಿತು, ನಂತರ ಗುರುಗಳ ಗಡ್ಡ ಕಂಡಿತು. ನಾನು ಅಂಗಾತ ಬಿದ್ದಿದ್ದೆ. ಕಾಲು ಹಿಡಿದು ಕೆಡವಲು ಬಂದ ಪೈಲ್ವಾನ ಎಂದುಕೊಂಡು ಅವರ ಕೈ ತಾನಾಗಿಯೇ ಕೆಲಸ ಮಾಡಿತ್ತು. ಹುಡುಗಿ ಗಾಬರಿಯಾಗಿ ಕೇಳಿದಳು, "ಆಪ್ ಆಕ್ರಮಣ್ ಕ್ಯೋಂ ಕರ್ ರಹೇ ಥೇ?" ಅದು ನಮ್ಮ ಕಡೆಯ ನಮಸ್ಕಾರ ಎಂದು ಭಾಯಿ ತಿಳಿಸಿ ಹೇಳಿದಾಗ ಗುರುಗಳು ನಾಚಿ, ನನ್ನನ್ನು ಎಬ್ಬಿಸಿ, ಬೆನ್ನಿನ ಧೂಳು ಕೊಡವಿದರು.

ನನ್ನ ಹಿಂದೆಯೇ ಬಗ್ಗುತ್ತಿದ್ದ ಮಾಸ್ತರು ಅರ್ಧಕ್ಕೇ ನಿಂತು, ಮೆಲ್ಲಗೆ ಹಿಂದಕ್ಕೆ ಸರಿದು, ಹತ್ತು ಮಾರು ದೂರದಿಂದ ಕೈ ಮುಗಿದರು. "ಗುರುಗಳ, ನಮ್ದು ಇಲ್ಲಿಂದನ ಮುಟ್ಟಿಸ್ಕೋರಿ!"

೨. ಫಿಟಿಂಗ್

ಶಿಬಿರದವರು ಎಲ್ಲರಿಗೂ ಹೊಳೆಹೊಳೆಯುವ ಕರಿ ಪ್ಯಾಂಟು ಕೊಟ್ಟರು. ಒಂದೊಂದು ಕಾಲಿನಲ್ಲಿ ಇಬ್ಬಿಬ್ಬರು ಹೋಗಬಹುದಾದಷ್ಟು ಢಿಲಾ. ಅದನ್ನು ಹಿಡಿದು ನೋಡಿದ ಭಾಯಿಯ ಮುಖ ಸುಟ್ಟ ಅನ್ನ ಕಂಡ ಅಡುಗೆಯವನ ಮುಖದಂತಾಯಿತು.

"ಇದನ್ನ ಹೊಲಿದವ ಯಾರ್ರೀ? ಅಳತಿ ತಗೊಂಡಿಲ್ಲ, ಏನಿಲ್ಲ. ಇದನ್ನ ಹಾಕ್ಕೊಂಡು ನೀವು ಮಂದಿ ಮುಂದ ನಿಂತ್ರ ಮಸ್ಕಿ ಟೇಲರ್ ಜೋಡಿ ಇದ್ದ ಅಂತ ಯಾರು ನಂಬ್ತಾರ?"

ಮಾಸ್ತರು ಡ್ರಿಲ್ ಮಾಸ್ತರಾದರೂ ಡ್ರೆಸ್ಸಿನ ಶೋಕಿ ಜಾಸ್ತಿ. "ನಂದೊಂದು ಫಿಟಿಂಗ್ ಮಾಡ್ರಿ ಭಾಯಿ" ಎಂದರು. ಭಾಯಿಯ ಜೇಬಿನಲ್ಲಿ ಸೂಜಿ, ದಾರ, ಸಣ್ಣ ಕತ್ತರಿ ಯಾವಾಗಲೂ ಇರುತ್ತವೆ. ಊಟದ ವೇಳೆಯಲ್ಲಿ ಕುಳಿತು ಕೈಯಲ್ಲೇ ಹೊಲಿದು, ಉಳಿದ ಬಟ್ಟೆ ಕತ್ತರಿಸಿ ಎಸೆದು, ಮಾಸ್ತರ ಪ್ಯಾಂಟನ್ನು ಮದುವೆ ಗಂಡಿನ ಪ್ಯಾಂಟು ಮಾಡಿದರು. ಮಾಸ್ತರು ಕನ್ನಡಿ ಮುಂದೆ ಅತ್ತ ಇತ್ತ ತಿರುಗಿ, "ಈಗ ನೋಡ್ರಿ, ಮನಷ್ಯಾನಂಗ ಕಾಣಾಕತ್ತೀನಿ" ಎಂದರು.

ಮಧ್ಯಾಹ್ನದ ಪಾಠ ಎತ್ತರದ ಒದೆ. ಮಾಸ್ತರು ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ. ಗುರುಗಳು ಚಪ್ಪಾಳೆ ತಟ್ಟಿದರು. ಮಾಸ್ತರು "ಹಾ!" ಎಂದು ಕಾಲು ಎತ್ತಿದರು. ಹಿಂದೆ ನಿಂತ ನನಗೆ ಮೊದಲು ಸಪ್ಪಳ ಕೇಳಿಸಿತು, ಆಮೇಲೆ ಮಾಸ್ತರ ಪಟ್ಟಾಪಟ್ಟಿ ಚಡ್ಡಿ ಕಾಣಿಸಿತು. ಎತ್ತಿದ ಕಾಲು ಇಳಿಸಲಾರದೆ, ಎರಡೂ ಕೈ ಹಿಂದಕ್ಕೊಯ್ದು ಕೊಕ್ಕರೆಯಂತೆ ನಿಂತುಬಿಟ್ಟರು. ಬ್ರೆಜಿಲ್ ದೇಶದವನೊಬ್ಬ ಇದೂ ಒಂದು ಪಟ್ಟು ಎಂದು ತಿಳಿದು ತಾನೂ ಹಾಗೇ ನಿಂತ. ಅವನನ್ನು ನೋಡಿ ಇಡೀ ಸಾಲು ಹಾಗೇ ನಿಂತಿತು.

"ಭಾಯಿ!" ಎಂದು ಮಾಸ್ತರು ಹಲ್ಲು ಕಡಿದರು.

ಭಾಯಿ ಸಾವಕಾಶ ಹೇಳಿದರು, "ನೀವು ನಿಂತಾಗ ಅಳತಿ ತಗೊಂಡೀನ್ರೀ. ಒದೀತೀನಿ ಅಂತ ಮೊದ್ಲ ಹೇಳಬೇಕಿತ್ತು, ಒದಿಯೋ ಅಳತಿ ಬ್ಯಾರೆ!"

೩. ಹಟ್ಟಿಯ ಮರ್ಯಾದೆ

ನಿಮ್ಮ ನಿಮ್ಮ ಊರಿನ ಬಗ್ಗೆ ಹೇಳಿ ಎಂದರು ಒಂದು ದಿನ. ನಾನು ನಮ್ಮ ಕಾಲುವೆ, ಗೊರೇಬಾಳದ ಭತ್ತದ ಗದ್ದೆ ಅಂತ ಹೇಳಿದೆ. ಯಾರೂ ಲಕ್ಷ್ಯ ಕೊಡಲಿಲ್ಲ. ಭತ್ತ ಅವರಿಗೆ ಹೊಸದೇನಲ್ಲ. ಮಾಸ್ತರಿಗೆ ಅವಮಾನವಾದಂತಾಯಿತು. ಎದ್ದು ನಿಂತು, "ನಮ್ಮ ತಾಲೂಕಿನ ಹಟ್ಟಿಯೊಳಗ ನೆಲಾ ಅಗದ್ರ ಬಂಗಾರ ಸಿಗ್ತೈತಿ" ಎಂದರು. ಹುಡುಗಿ ತಿಳಿಸಿದ್ದೇ ತಡ, ಎಲ್ಲರೂ ನಮ್ಮ ಮೂವರ ಮೈಮೇಲೆ ಬಂಗಾರ ಹುಡುಕಿದರು. ಮಾಸ್ತರ ಕೈಯಲ್ಲಿ ಏನಿಲ್ಲ. ನನ್ನ ಕೊರಳಲ್ಲಿ ಕರಿ ದಾರ. ಭಾಯಿಯ ಬೆರಳಿನಲ್ಲಿ ಮಾತ್ರ, ಹೊಲಿಯುವಾಗ ಸೂಜಿ ಚುಚ್ಚದಂತೆ ಹಾಕುವ ಹಿತ್ತಾಳೆ ಟೊಪ್ಪಿಗೆ ಫಳಫಳ ಹೊಳೆಯುತ್ತಿತ್ತು.

ಅಂದಿನಿಂದ ಊಟದ ಪಾಳಿಯಲ್ಲಿ ಎಲ್ಲರೂ ಭಾಯಿಗೆ ಮುಂದೆ ಹೋಗಲು ದಾರಿ ಬಿಡತೊಡಗಿದರು. ಫೋಟೋಕ್ಕೆ ನಡುವೆ ನಿಲ್ಲಿಸಿದರು.

"ಖರೇ ಹೇಳಿಬಿಡೂಣ ಭಾಯಿ" ಎಂದೆ ನಾನು.

"ಸುಮ್ಕಿರಪಾ. ಹಟ್ಟಿ ಮರ್ಯಾದಿ ಪ್ರಶ್ನೆ" ಎಂದ ಭಾಯಿ, ಅದನ್ನು ಅಂಗಿಯ ತುದಿಯಿಂದ ತಿಕ್ಕಿ ಇನ್ನಷ್ಟು ಹೊಳಪು ಮಾಡಿಕೊಂಡರು.

೪. ಚಹಾದ ಪಾಠ

ಸಂಸ್ಕೃತಿಯ ಪಾಠದಲ್ಲಿ ಚಹಾ ಕುಡಿಯುವುದೂ ಒಂದು. ಇದರಲ್ಲಿ ಕಲಿಯುವುದೇನಿದೆ, ನಾನು ಹುಟ್ಟಿದಾಗಿನಿಂದ ಕುಡಿಯುತ್ತಿದ್ದೇನೆ ಅಂದುಕೊಂಡೆ. ಒಬ್ಬ ಅಜ್ಜಿ ಗೊಂಬೆಯಾಟದ ಬಟ್ಟಲಿನಂಥ ಬಟ್ಟಲಿಗೆ ಹಾಲಿಲ್ಲದ, ಸಕ್ಕರೆಯಿಲ್ಲದ ಚಹಾ ಬಗ್ಗಿಸಿದಳು. ಹಿರಿಯಳು ಹಾಕಿದ್ದನ್ನು ಬಿಟ್ಟರೆ ತಪ್ಪಾಗುತ್ತದೆ ಎಂದು ಒಂದೇ ಗುಟುಕಿಗೆ ಮುಗಿಸಿದೆ. ಅಜ್ಜಿ ಮತ್ತೆ ಹಾಕಿದಳು. ಮತ್ತೆ ಮುಗಿಸಿದೆ. ಮತ್ತೆ ಹಾಕಿದಳು.

ಟೆಂಪೋದ ಪತ್ರಾ ಬಡಿದು ಬಡಿದು ನನ್ನ ಬೆರಳಿಗೊಂದು ಚಟ ಹತ್ತಿದೆ. ಎಲ್ಲಿ ಕುಳಿತರೂ ಟಕಟಕ ಬಡಿಯುತ್ತಿರುತ್ತವೆ. ಅಲ್ಲಿಯೂ ಮೇಜು ಬಡಿಯುತ್ತ ಕುಳಿತಿದ್ದೆ. ನಾನು ಬಡಿದಷ್ಟೂ ಅಜ್ಜಿಯ ಮುಖ ಅರಳುತ್ತಿತ್ತು, ಕಣ್ಣು ತೇವವಾಗುತ್ತಿತ್ತು, ಕಿಟ್ಲಿ ಬಗ್ಗುತ್ತಿತ್ತು. ಮಾಸ್ತರು, ಭಾಯಿ ಬಟ್ಟಲು ತುಂಬಾ ಚಹಾ ಹಾಗೇ ಬಿಟ್ಟು ಆರಾಮ ಕುಳಿತಿದ್ದರು. ಅವರಿಗೆ ಯಾರೂ ಹಾಕಲಿಲ್ಲ.

ಕೊನೆಗೆ ಹೊಟ್ಟೆ ಮಣ್ಣಿನ ಗಡಿಗೆಯಂತಾದಾಗ ಹುಡುಗಿಯನ್ನು ಕೇಳಿದೆ, "ಬೇಟಿ, ಇದು ಮುಗಿಯೋದು ಯಾವಾಗ?"

ಆಕೆ ಹೇಳಿದಳು: ಬಟ್ಟಲು ಬರಿದಾದರೆ ಇನ್ನೂ ಬೇಕೆಂದು ಅರ್ಥ. ಬೆರಳಿನಿಂದ ಮೇಜು ಬಡಿದರೆ ಬಹಳ ಉಪಕಾರವಾಯಿತೆಂದು ಅರ್ಥ. ಜೀವಮಾನದಲ್ಲಿ ಇಷ್ಟು ಉಪಕಾರ ಹೇಳಿದ ಅತಿಥಿಯನ್ನು ಕಂಡಿಲ್ಲ ಎಂದು ಅಜ್ಜಿ ಅನ್ನುತ್ತಿದ್ದಾಳೆ.

ಆ ದಿನ ಇಡೀ ಶಿಬಿರದಲ್ಲಿ ಎಲ್ಲರಿಗಿಂತ ಜೋರಾಗಿ ಓಡಿದವನು ನಾನು. ಅವತ್ತು ಓಟದ ಪಾಠ ಇರಲಿಲ್ಲ.

೫. ಕಡ್ಡಿ

ಇದೆಲ್ಲ ನಗೆಯ ಮಾತು. ನನಗೆ ಒಳಗೊಳಗೆ ಪುಕುಪುಕು ಅನ್ನಿಸುತ್ತಿದ್ದದ್ದು ಬೇರೆ. ಕುದುರೆ ಇಲ್ಲದೆ ಕುದುರೆಯ ಮೇಲೆ ಕುಳಿತಂತೆ, ಮೊಣಕಾಲು ಬಗ್ಗಿಸಿ, ಕದಲದೆ ನಿಲ್ಲಬೇಕು. ಅದೇ ಅವರ ಮೊದಲ ಪಾಠ, ಅದೇ ಕಡೆಯ ಪರೀಕ್ಷೆ. ಒಂದು ಊದಿನಕಡ್ಡಿ ಹಚ್ಚುತ್ತಾರೆ. ಅದು ಮುಗಿಯುವ ತನಕ ನಿಂತವರಿಗೆ ಸರ್ಟಿಫಿಕೇಟ್. ಅವರ ಕಡ್ಡಿ ಕೂದಲಿನಂಥದು, ಗಿಡ್ಡ. ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಅಷ್ಟನ್ನೂ ನಾನು ಒಮ್ಮೆಯೂ ನಿಂತಿರಲಿಲ್ಲ. ಮೂಗು ತುರಿಸುತ್ತಿತ್ತು, ಇಲ್ಲವೇ ಬೇಲಿಯಾಚೆ ಯಾವುದೋ ಗಾಡಿ ಹೋಗುತ್ತಿತ್ತು, ನೋಡಲು ಹೋಗುತ್ತಿದ್ದೆ. "ಕೈ ಛಲೋ, ಕಾಲು ಛಲೋ, ನಿಲುವೇ ಇಲ್ಲ" ಎಂದು ಗುರುಗಳು ಹೇಳಿ ಕಳಿಸಿದ್ದರು.

"ಒಲಿ ಹೂಡ್ಸಾಕ ನಿಮ್ಮನ್ಯಾಗ ಮಣ್ಣು ಕಲಸಿ ಇಟ್ಟಿರಬೇಕಲೇ" ಎಂದು ಮಾಸ್ತರು ಚುಚ್ಚಿದರು.

ಪರೀಕ್ಷೆಯ ದಿನ ಬಂತು. ಎಲ್ಲರೂ ಸಾಲಾಗಿ ನಿಂತೆವು. ಗುರುಗಳೂ ಶಿಷ್ಯರ ಎದುರಿಗೆ ಅದೇ ಭಂಗಿಯಲ್ಲಿ ನಿಲ್ಲುವುದು ಅಲ್ಲಿಯ ಪದ್ಧತಿ. ಹುಡುಗಿ ಮುಂದೆ ಬಂದು ಸಾರಿದಳು: ಭಾರತದಿಂದ ಬಂದ ಅತಿಥಿಗಳು ಪ್ರೀತಿಯಿಂದ ತಂದ ಕಾಣಿಕೆಗೆ ಗೌರವವಾಗಿ, ಈ ಸಲ ಅವರ ಕಡ್ಡಿಯನ್ನೇ ಹಚ್ಚಲು ಗುರುಗಳು ತೀರ್ಮಾನಿಸಿದ್ದಾರೆ.

ಎಲ್ಲ ದೇಶದವರೂ ನಮ್ಮತ್ತ ತಿರುಗಿ ಚಪ್ಪಾಳೆ ಹೊಡೆದರು. ಉರುಸಿನ ಕಡ್ಡಿ ಮರಳಿನ ಬಟ್ಟಲಿನಲ್ಲಿ ಕಂಬದಂತೆ ನಿಂತಿತು. ಹೊಗೆ ಎದ್ದಿತು.

ಮಾಸ್ತರು ತುಟಿ ಅಲ್ಲಾಡಿಸದೆ ಕೇಳಿದರು, "ಇದು ಎಷ್ಟೊತ್ತು ಉರೀತೈತಿ?"

ಭಾಯಿ ಕಣ್ಣು ಮುಚ್ಚಿ ಹೇಳಿದರು, "ದರ್ಗಾದಾಗ ಮುಂಜಾನಿ ಹಚ್ಚಿದ್ರ ಮಧ್ಯಾಹ್ನದ ನಮಾಜಿನ ತನಕ ಆರಂಗಿಲ್ಲ."

"ಸಾಯ್ಲಿ ನಿಮ್ಮ ಕಾಣಿಕಿ!"

ಚಹಾ ಕುಡಿಯುವ ಹೊತ್ತು ದಾಟಿತು. ಕಡ್ಡಿಯ ನೆತ್ತಿ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಊಟ ಮಾಡುವ ಹೊತ್ತೂ ದಾಟಿತು. ಮೊದಲು ಬ್ರೆಜಿಲ್ ಬಿತ್ತು. ಆಮೇಲೆ ಬಿದ್ದವರೆಲ್ಲ ಬಿದ್ದಲ್ಲಿಂದಲೇ ನನ್ನನ್ನು ನುಂಗುವಂತೆ ನೋಡತೊಡಗಿದರು. ಭಾಯಿ "ಯಾ ಅಲ್ಲಾ" ಎಂದು ಕುಳಿತರು. ಮಾಸ್ತರು ನನಗೆ ಹಿಡಿಶಾಪ ಹಾಕುತ್ತಲೇ ಹಿಂದಕ್ಕೆ ಉರುಳಿದರು.

ನಾನು ನಿಂತಿದ್ದೆ. ಹೇಗೆ ಅಂತೀರಾ? ಕಾಲು ನಡುಗಿ, ಇನ್ನೇನು ಬಿದ್ದೆ ಅನ್ನುವಾಗ ನೆನಪಾಯಿತು: ಹೀಗೆ ನಾನು ವರ್ಷಗಟ್ಟಲೆ ನಿಂತಿದ್ದೇನಲ್ಲ! ಟೆಂಪೋದಲ್ಲಿ ಕಂಡಕ್ಟರನಿಗೆ ಸೀಟು ಎಲ್ಲಿಯದು? ಮೇಲೆ ಟಾಪು ಗಿಡ್ಡ, ಕೆಳಗೆ ಕೋಳಿ ಬುಟ್ಟಿ, ನಡುವೆ ಮೊಣಕಾಲು ಬಗ್ಗಿಸಿ ನಿಲ್ಲುವುದೇ ನನ್ನ ಜಾಗ. ಕಣ್ಣು ಮುಚ್ಚಿದೆ. ಸಿಂಧನೂರು ಸ್ಟ್ಯಾಂಡಿನಿಂದ ಗಾಡಿ ಬಿಟ್ಟೆ. ಗೊರೇಬಾಳದಲ್ಲಿ ಮಂದಿ ಹತ್ತಿಸಿದೆ. "ಒಳಗ ಸರೀರಿ, ಯಮ್ಮಾ, ಬುಟ್ಟಿ ತೊಡಿ ಮ್ಯಾಲ ಇಟ್ಕೋರಿ." ಮಸ್ಕಿಯಲ್ಲಿ ಗಾಡಿ ನಿಲ್ಲಿಸಿ ಹೋಟೆಲಿನ ಮಂಡಾಳು ಒಗ್ಗರಣಿಯ ವಾಸನೆ ತೆಗೆದುಕೊಂಡೆ. ಮತ್ತೆ ಹೊರಟೆ. ಜೀವಮಾನದಲ್ಲಿ ಮೊದಲ ಸಲ ನಾನು ಒಂದೇ ಕಡೆ ನಿಂತಿದ್ದೆ, ಯಾಕೆಂದರೆ ಊರೂರು ತಿರುಗುತ್ತಿದ್ದೆ.

ಕಣ್ಣು ತೆರೆದರೆ ನಿಂತವರು ಇಬ್ಬರೇ. ನಾನು ಮತ್ತು ಗುರುಗಳು. ಗುರುಗಳ ಗಡ್ಡ ಗಡಗಡ ನಡುಗುತ್ತಿತ್ತು. ಕಾಣಿಕೆಯ ಕಡ್ಡಿಯನ್ನು ಊದಿ ಆರಿಸಿದರೆ ಅಗೌರವ, ಶಿಷ್ಯನಿಗಿಂತ ಮೊದಲು ಕುಳಿತರೆ ಅವಮಾನ. ಅವರು ಬಿದ್ದವರ ಕಡೆಗೆ ಕಣ್ಣಿನಲ್ಲೇ ಅಂಗಲಾಚಿದರು.

ಆಗ ಭಾಯಿ ಎದ್ದರು. ಕುಂಟುತ್ತ ಬಟ್ಟಲಿನ ಹತ್ತಿರ ಹೋದರು. ಜೇಬಿನಿಂದ ಸಣ್ಣ ಕತ್ತರಿ ತೆಗೆದು, ಉರಿಯುವ ತಲೆಯ ಕೆಳಗೆ ಕಚಕ್ ಎಂದು ಕತ್ತರಿಸಿದರು.

"ಲಿಂಗಸೂರ್, ಲಿಂಗಸೂರ್! ಇಳೀರಿ, ಇಳೀರಿ!" ಎಂದು ಕೂಗಿ ನಾನು ಬಿದ್ದೆ. ನನಗಿಂತ ಒಂದು ಕ್ಷಣ ತಡವಾಗಿ ಗುರುಗಳು ಬಿದ್ದರು.

"ಇದೇನು ಮಾಡಿದ್ರಿ?" ಎಂದು ಹುಡುಗಿ ಕೇಳಿದಳು.

"ಉದ್ದ ಆಗಿತ್ತವ್ವಾ" ಎಂದರು ಭಾಯಿ, "ಅಳತಿಗೆ ತಂದೆ."

ಅವರ ಕಡ್ಡಿಯ ಲೆಕ್ಕದಲ್ಲಿ ನೋಡಿದರೆ ಎಲ್ಲರೂ ಯಾವಾಗಲೋ ಪಾಸಾಗಿದ್ದರು. ಎಲ್ಲರಿಗೂ ಸರ್ಟಿಫಿಕೇಟ್ ಸಿಕ್ಕಿತು. ಗುರುಗಳು ನನ್ನದನ್ನು ಕೊಡುವಾಗ ಎದ್ದು ನಿಲ್ಲಲಾಗದೆ ಕುಳಿತೇ ಕೊಟ್ಟರು. ನಾನೂ ಕುಳಿತೇ ತೆಗೆದುಕೊಂಡೆ.

ಊರಿಗೆ ಬಂದವನು ನೆಟ್ಟಗೆ ಒಲೆಯ ಮುಂದೆ ಹೋಗಿ ಸರ್ಟಿಫಿಕೇಟ್ ಹಿಡಿದೆ. ಹೆಂಡತಿ ಹಿಟ್ಟಿನ ಕೈ ಒರೆಸಿಕೊಂಡು ನೋಡಿದಳು. ನಾನು ಕಥೆಯನ್ನೆಲ್ಲ ಹೇಳಿದೆ, ನಿಂತು ತೋರಿಸಿದೆ.

"ಖರೇನ ಅಷ್ಟೊತ್ತು ಒಂದ ಕಡೆ ನಿಂತಿದ್ರಿ?"

"ಬೇಕಾದ್ರ ಭಾಯಿನ್ನ ಕೇಳು."

ಆಕೆ ಕೇಳಿಯೇ ಬಿಟ್ಟಳು. ಫೋನಿನಲ್ಲಿ ಭಾಯಿ ಕೊರಾನಿನ ಮೇಲೆ ಆಣೆ ಮಾಡಿದ್ದು ನನಗೂ ಕೇಳಿಸಿತು. ಫೋನ್ ಇಟ್ಟು, ಶೆಡ್ಡಿನ ಕೀಲಿ ತಂದು ನನ್ನ ಕೈಯಲ್ಲಿಟ್ಟಳು. "ತಗೋರಿ. ಮಾತು ಅಂದ್ರ ಮಾತು. ಶೆಡ್ ನಿಮ್ದ." ನನ್ನ ಎದೆ ಎರಡಂಗುಲ ಉಬ್ಬಿತು.

ಉಬ್ಬಿದ್ದು ಇಳಿಯುವ ಮೊದಲೇ ಇನ್ನೊಂದು ಕೈಯಲ್ಲಿ ಖಾಲಿ ಚೀಲ ಇಟ್ಟಳು.

"ರೇಷನ್ ಪಾಳೀನೂ ಇನ್ನ ನಿಮ್ದ. ನಿಲ್ಲಾಕ ಬರಂಗಿಲ್ಲಂತ ಇಷ್ಟು ವರ್ಷ ನಂಬಿದ್ದೆ ನಾ!"