ದೇವರಮನೆಯ ವೈಫೈ

ಹೇಳಿದ ಮಾತನ್ನು ಪೂರ್ತಿ ಕೇಳದೆ ಕೆಲಸಕ್ಕಿಳಿಯುವ ಜನ ಇರುವವರೆಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ಹೈದರಾಬಾದಿನ ಮಿಯಾಪುರದ ನಮ್ಮ ಫ್ಲ್ಯಾಟಿನಲ್ಲಿ ಒಂದೇ ವಾರದಲ್ಲಿ ನಾಲ್ಕು ನಡೆದವು.

ಪತ್ನಿಗೆ ಭಾನುವಾರ ಹತ್ತು ಗಂಟೆಗೆ ಸ್ತೋತ್ರ ಕಂಠಪಾಠದ ಪರೀಕ್ಷೆಯಿತ್ತು. ಪರೀಕ್ಷಕರು ಟ್ಯಾಬಿನಲ್ಲಿ ಕಾಣಿಸಿಕೊಳ್ಳುವರು. ಐದು ನಿಮಿಷ ಸಂಪರ್ಕ ತಪ್ಪಿದರೆ ಮುಂದಿನ ವರ್ಷವೇ ಗತಿ. ಆಕೆ ವರ್ಷವಿಡೀ ಬಾಯಿಪಾಠ ಮಾಡಿದ್ದಳು. ಆದ್ದರಿಂದ ವೈಫೈ ಹಾಕಿಸಿದೆ.

೧. ಸ್ಥಾಪನೆ

ಬಂದವನು ರಾಯಚೂರು ಕಡೆಯ ನಡುವಯಸ್ಸಿನ ಕೆಲಸಗಾರ. "ರೂಟರ್ ಹಾಲಿನಲ್ಲಿರಲಿ" ಎಂದು ಆದೇಶಿಸಿ, ಚಹಾ ಹೇಳಲು ಒಳಗೆ ಹೋದೆ. ಹಿಂದಿರುಗುವಷ್ಟರಲ್ಲಿ ಅದು ದೇವರಮನೆಯ ಗೂಡಿನಲ್ಲಿ, ದೇವರ ಪಕ್ಕದಲ್ಲಿ ಆಸೀನವಾಗಿತ್ತು.

"ಹಾಲ್ ಎಂದಿದ್ದೆ."

"ವೈರ್ ಬರೂದು ಈ ಕಿಟಕ್ಯಾಗಿಂದ್ರಿ. ಮುಂದ ಎಳ್ಯಾಕ ಸಾಲಂಗಿಲ್ಲ."

ಪತ್ನಿ ತೀರ್ಪಿತ್ತಳು: "ಆದದ್ದಾತು. ದೇವರ ಗೂಡಿನ್ಯಾಗ ಕುಂತ ಮ್ಯಾಲ ಅದೂ ಮಡೀನ. ಇನ್ನ ಮ್ಯಾಲೆ ಸ್ನಾನಾ ಮಾಡದ ಯಾರೂ ಮುಟ್ಟಬ್ಯಾಡ್ರಿ."

"ಇದನ್ನು ನೋಡಿಕೊಳ್ಳುವ ಕ್ರಮವೇನು?" ಎಂದು ಕೆಲಸಗಾರನನ್ನು ಕೇಳಿದೆ.

"ದೀಪ ಎಲ್ಲಾ ಹತ್ಯಾವಲ್ರಿ ಯಜಮಾನ್ರ? ಕೈ ಮುಗೀರಿ, ಸಾಕು."

೨. ದೂರು

ಮರುದಿನ ಟ್ಯಾಬಿಗೆ ಸಂಪರ್ಕವಿಲ್ಲ. ಸಹಾಯವಾಣಿಯ ಹೆಣ್ಣುಮಗಳು ಹಿಂದಿಯಲ್ಲಿ ಹೇಳಿದಳು: "ರೂಟರ್ ಆಫ್ ಮಾಡಿ, ಮೂವತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ."

"ಹದಿನೈದು ನಿಮಿಷ ಲೈನಿನಲ್ಲಿರಿ. ಸ್ನಾನ ಮಾಡಿ ಬರುತ್ತೇನೆ."

"ಸ್ವಿಚ್ ಒತ್ತಲು ಸ್ನಾನ ಯಾಕೆ, ಸರ್?"

"ನಿಯಮ."

ಒದ್ದೆ ಪಂಚೆಯಲ್ಲಿ ಬಂದು ನೋಡಿದರೆ ಆಕೆ ಲೈನಿನಲ್ಲಿರಲಿಲ್ಲ. ಒಂದು ಸಂದೇಶವಿತ್ತು: "ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ಕಾರಣ: ಗ್ರಾಹಕರು ಸ್ನಾನದಲ್ಲಿದ್ದಾರೆ."

೩. ತಜ್ಞರು

ಎದುರು ಫ್ಲ್ಯಾಟಿನವರು ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ನೆಟ್‌ವರ್ಕ್ ವಿಭಾಗದ ಮುಖ್ಯಸ್ಥರು. ಲಿಫ್ಟಿನಲ್ಲಿ ಯಾರು ಸಿಕ್ಕರೂ ಮೊದಲು ಅದನ್ನೇ ತಿಳಿಸುವರು. ನಾನು ಆರಿಸಿ ಹಚ್ಚಿದ ಮೇಲೆ ಎದ್ದಿದ್ದ ರೂಟರ್ ಮರುದಿನ ಮತ್ತೆ ನಿಂತಾಗ, ಅವರು ಸಂಜೆ ಕಚೇರಿಯಿಂದ ನೇರವಾಗಿ ನೆರವಿಗೆ ಬಂದರು. ಸ್ನಾನವಾಗಿರಲಿಲ್ಲ, ದೇವರಮನೆಯ ಹೊಸ್ತಿಲಲ್ಲೇ ತಡೆದೆ. ಮಡಿಬಟ್ಟೆಯನ್ನು ಮುಟ್ಟದೆ ಎತ್ತುವ ಉದ್ದನೆಯ ಕೋಲೊಂದು ನಮ್ಮಲ್ಲಿದೆ. ಪತ್ನಿ ಅದನ್ನು ಅವರ ಕೈಗಿತ್ತು, ಅಲ್ಲಿಂದಲೇ ಗುಂಡಿ ಒತ್ತಲು ಹೇಳಿದಳು.

ಮೊದಲ ಪ್ರಯತ್ನಕ್ಕೆ ಗಂಟೆ ಮೊಳಗಿತು. ಎರಡನೆಯದಕ್ಕೆ ಕುಂಕುಮದ ಬಟ್ಟಲು ಉರುಳಿತು. ಮೂರನೆಯದಕ್ಕೆ ಬಾಗಿಲ ತೋರಣ ಅವರ ಕೊರಳಿಗೇ ಬಿತ್ತು.

"ದಿನಾ ಇದ ಕೆಲಸಾ ಮಾಡ್ತೀರಿ. ಒಂದು ಗುಂಡಿ ಒತ್ತಾಕ ಬರಂಗಿಲ್ಲೇನ್ರಿ?" ಎಂದಳು ಪತ್ನಿ.

ಅವರು ತೋರಣ ತೆಗೆಯುತ್ತ ತೆಲುಗಿನಲ್ಲಿ ಗಂಭೀರವಾಗಿ ಉತ್ತರಿಸಿದರು: "ನಮ್ಮಲ್ಲಿ ಗುಂಡಿ ಒತ್ತುವವರು ಬೇರೆ, ಅಮ್ಮಾ. ನಾನು ಮೀಟಿಂಗಿನಲ್ಲಿರುತ್ತೇನೆ."

೪. ಪರೀಕ್ಷೆ

ರೂಟರ್ ದಿನಕ್ಕೊಮ್ಮೆ ನಿಲ್ಲುವುದು ಇಷ್ಟರಲ್ಲಿ ಖಚಿತವಾಗಿತ್ತು. ಆರಿಸಿ ಹಚ್ಚಿದರೆ ಏಳುವುದೂ ಖಚಿತ. ಆದ್ದರಿಂದ ಭಾನುವಾರ ಒಂಬತ್ತೂವರೆಗೇ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲಿ ದೇವರಮನೆಯಲ್ಲಿ ಕಾವಲು ನಿಂತೆ. ಪತ್ನಿ ಹಾಲಿನಲ್ಲಿ ಟ್ಯಾಬಿನ ಮುಂದೆ ಕುಳಿತಳು.

ಏಳನೆಯ ಶ್ಲೋಕಕ್ಕೆ ಸಂಪರ್ಕ ಹೋಯಿತು.

"ನಿಂತತ್ರಿ! ಹೋತ್ರಿ ನಂದು ವರ್ಷಾ!" ಆಕೆ ಹಾಲಿನಿಂದ ಕೂಗಿದಳು.

ಆರಿಸಿದೆ. ಮೂವತ್ತು ಎಣಿಸಿದೆ, ಇಪ್ಪತ್ತೊಂಬತ್ತಲ್ಲ. ಹಚ್ಚಿದೆ. ಒಂದು ನಿಮಿಷ ತಾಳು ಎಂದು ತಿಳಿಸಲು ಹಾಲಿನ ಬಾಗಿಲಿಗೆ ಬಂದು ಬೆರಳೆತ್ತಿದೆ. ಟ್ಯಾಬ್ ಅದೇ ಕ್ಷಣಕ್ಕೆ ಜೀವ ತಳೆಯಿತು.

ಪರೀಕ್ಷಕಿ ನನ್ನ ಮೊಮ್ಮಗಳ ವಯಸ್ಸಿನವಳು. ಆದರೂ ಆಕೆಯ ಶಿಸ್ತು ಮೆಚ್ಚತಕ್ಕದ್ದು.

"ಅಮ್ಮಾ, ಹಿಂದೆ ಯಾರೋ ನಿಂತು ಬೆರಳು ತೋರಿಸುತ್ತಿದ್ದಾರೆ. ಮನೆಯವರು ಹೇಳಿಕೊಟ್ಟರೆ ಪರೀಕ್ಷೆ ರದ್ದು. ಯಾರವರು?"

ಪತ್ನಿ ತಿರುಗಿಯೂ ನೋಡಲಿಲ್ಲ. "ವೈಫೈ ರಿಪೇರಿಗೆ ಬಂದಾನ್ರಿ."

"ಒದ್ದೆ ಪಂಚೆಯಲ್ಲಿ?"

"ಏನ್ ಮಾಡೂದ್ರಿ, ಮಡೀಲೆ ಬಂದು ರಿಪೇರಿ ಮಾಡಾಂವ ಇಡೀ ಹೈದರಾಬಾದಿನ್ಯಾಗ ಇವನೊಬ್ಬನ ಸಿಕ್ಕಾನ್ರಿ."

"ಕೆಲಸವಾಗಿದ್ದರೆ ಹೊರಗೆ ಕಳಿಸಿ."

"ಆತಿಲ್ಲಪ್ಪಾ? ಬಾಗಲಾ ಹಾಕ್ಕೊಂಡು ಹೋಗು."

ಹೋದೆ. ಬಾಗಿಲನ್ನೂ ಹಾಕಿಕೊಂಡೆ. ಪತ್ನಿ ಪ್ರಥಮ ಶ್ರೇಣಿಯಲ್ಲಿ ಉತ್ತೀರ್ಣಳಾದ ವಾರ್ತೆಯನ್ನು ಮುಚ್ಚಿದ ಬಾಗಿಲಿನ ಮೂಲಕ, ಒದ್ದೆ ಪಂಚೆಯಲ್ಲಿ, ಲಿಫ್ಟಿನ ಮುಂದೆ ನಿಂತು ಕೇಳಿದೆ.