ಸ್ವೀಡನ್ನಿನ ಸ್ಪ್ಯಾನರಿಗೆ ಕುಂಕುಮ

ಆಧುನಿಕ ಚಿತ್ರಕಲೆ ನನಗೆ ಅರ್ಥವಾಗುವುದಿಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ, ನಮ್ಮ ಮ್ಯಾನೇಜರ್ ಒಬ್ಬರನ್ನು ಬಿಟ್ಟು. ಅವರ ಹೆಂಡತಿ ಇಂಗ್ರಿಡ್ ಸ್ವೀಡನ್ನಿನ ಕಲಾವಿದೆ. ಮೊದಲು ಹಿಮವನ್ನು ಹಿಮದಂತೆಯೇ ಬರೆಯುತ್ತಿದ್ದರಂತೆ, ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಕುಂಚ ಬದಿಗಿಟ್ಟು ಕ್ಯಾನ್ವಾಸಿಗೆ ಗೋಣಿತಾಟು, ಮರಳು ಅಂಟಿಸಿದರು, ಹೆಸರು ಬಂತು. ಟೆಕ್ಸಸ್‌ಗೆ ಬಂದಮೇಲೆ ತುಕ್ಕು ಹಿಡಿದ ಕಬ್ಬಿಣಕ್ಕೆ ಇಳಿದರು. ಇದಕ್ಕೆ ಮಿಕ್ಸ್ಡ್ ಮೀಡಿಯಾ ಎನ್ನುತ್ತಾರೆ. ಮೈಸೂರಿನಲ್ಲಿ ನಾವು ಗುಜರಿ ಎನ್ನುತ್ತಿದ್ದೆವು, ಅದರ ಮುಂದೆ ಯಾರೂ ವೈನ್ ಹಿಡಿದು ನಿಲ್ಲುತ್ತಿರಲಿಲ್ಲ. ಡಲ್ಲಾಸಿನ ಪ್ರದರ್ಶನದಲ್ಲಿ ನನಗೆ ಅರ್ಥವಾದದ್ದು ಬಾಗಿಲ ಪಕ್ಕದ ಬೆಂಕಿ ಆರಿಸುವ ಸಿಲಿಂಡರ್ ಒಂದೇ.

ಇಂಗ್ರಿಡ್ ನಮಗೂ ಒಂದು ಚಿತ್ರ ಕೊಟ್ಟರು. ಬೂದು ಬಣ್ಣದ ಮೇಲೆ ಒಂದು ಸ್ಪ್ಯಾನರ್, ಒಂದು ಮುರುಕು ಗರಗಸ, ಅಷ್ಟೇ. ಡಲ್ಲಾಸಿನ ಪಕ್ಕದ ನಮ್ಮ ರಿಚರ್ಡ್‌ಸನ್ ಊರಿನ ಟೆಲಿಕಾಂ ಕಂಪನಿಗಳಿಂದ ದಿನಾ ಯಾರಾದರೊಬ್ಬರು ಕೆಲಸ ಕಳೆದುಕೊಂಡು ರಟ್ಟಿನ ಡಬ್ಬ ಹೊತ್ತು ಹೊರಬೀಳುತ್ತಿದ್ದ ಕಾಲ ಅದು. ಕೆಲಸ ಹೋದರೆ ವೀಸಾ ಹೋದ ಹಾಗೆ. ಗುಜರಿಯನ್ನು ಭಕ್ತಿಯಿಂದ ಸೋಫಾದ ಮೇಲ್ಗಡೆಯೇ ತೂಗುಹಾಕಿದೆ.

ಆಯುಧಪೂಜೆಯ ಸಂಜೆ ಮನೆಗೆ ಬಂದರೆ ಲ್ಯಾಪ್‌ಟಾಪ್, ಮಿಕ್ಸಿಗಳ ಜೊತೆಗೆ ಆ ಚಿತ್ರಕ್ಕೂ ಕುಂಕುಮ ಬಿದ್ದಿತ್ತು. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯ ಕೆಲಸ.

“ಗ್ವಾಡಿ ಮ್ಯಾಲೆ ಪಾನಾ ಐತಿ, ಗರಗಸ ಐತಿ. ಖಂಡೇನವಮಿ ದಿನ ಅವನ್ನ ಪೂಜಿ ಮಾಡದ ಹ್ಯಾಂಗ ಬಿಡೂದು?” ಎಂದರು.

ಉದುರದಿರಲಿ ಎಂದು ಎಣ್ಣೆಯಲ್ಲಿ ಕಲಸಿ ಹಚ್ಚಿದ್ದರು. ಒರೆಸಿದಷ್ಟೂ ಕೆಂಪು ಹರಡಿತು. ಆ ಶನಿವಾರವೇ ಮ್ಯಾನೇಜರ್ ದಂಪತಿ ಊಟಕ್ಕೆ ಬರುವವರಿದ್ದರು. ಚಿತ್ರ ಇಳಿಸಿಟ್ಟರೆ ಎಲ್ಲಿ ಎಂದು ಕೇಳುತ್ತಾರೆ, ಹಾಗೇ ಬಿಟ್ಟೆ.

ಶನಿವಾರ ಬಂದ ಇಂಗ್ರಿಡ್ ಚಿತ್ರದ ಮುಂದೆ ತುಂಬಾ ಹೊತ್ತು ನಿಂತರು. ನಾನು ಮನಸ್ಸಿನಲ್ಲೇ ರಟ್ಟಿನ ಡಬ್ಬ ಹುಡುಕುತ್ತಿದ್ದೆ. ಕೊನೆಗೆ ಅವರು ನಿಟ್ಟುಸಿರಿಟ್ಟು, “ಈ ಕೆಂಪು ಬಳಿಯುವಾಗ ನಾನು ಬಹಳ ನೋವಿನಲ್ಲಿದ್ದೆ” ಎಂದರು.

ತನ್ನದು ಯಾವುದು, ನಮ್ಮತ್ತೆಯದು ಯಾವುದು ಎಂದು ತಿಳಿಯದ ಈಕೆ ಕಲಾವಿದೆಯೇ ಎಂದು ಒಳಗೊಳಗೇ ಹೀಗಳೆಯುತ್ತಿದ್ದೆ. ಅಷ್ಟರಲ್ಲಿ ನನ್ನ ಬಾಯಿ ತಾನಾಗಿಯೇ, “ಆ ನೋವು ಕಾಣುತ್ತದೆ ಮೇಡಂ. ತುಕ್ಕಿನ ಒಳಗಿಂದ ರಕ್ತವೇ ಮಾತಾಡುತ್ತಿದೆ” ಎಂದುಬಿಟ್ಟಿತು. ಮ್ಯಾನೇಜರ್ ನನ್ನ ಕೈ ಕುಲುಕಿ, ಹ್ಯೂಸ್ಟನ್, ಆಸ್ಟಿನ್ ಪ್ರದರ್ಶನಗಳಲ್ಲೂ ಬಂದು ಇದನ್ನೇ ಮಾತಾಡಬೇಕೆಂದರು. ಮುಂದೆ ಬಂದ ಲೇಆಫ್‌ನಲ್ಲಿ ನನ್ನ ಹೆಸರಿರಲಿಲ್ಲ.

ಆ ರಾತ್ರಿ ಅತಿಥಿಗಳು ಹೋದಮೇಲೆ ನಡೆದದ್ದನ್ನು ಹೆಂಡತಿ ಅಮ್ಮನಿಗೆ ಕನ್ನಡದಲ್ಲಿ ವಿವರಿಸಿದಳು. ಅತ್ತೆ ನನ್ನನ್ನೊಮ್ಮೆ ನೋಡಿ, ಮಗಳ ಕಡೆ ತಿರುಗಿ ಹೇಳಿದರು:

“ಬರೂ ವರ್ಷ ಅಳಿಯಂದಿರ ನಾಲಿಗಿಗೂ ಒಂಚೂರು ಕುಂಕುಮ ಹಚ್ಚಬೇಕವಾ. ಈ ಮನ್ಯಾಗ ದುಡಿಯೂ ಆಯುಧ ಅದೊಂದ.”