ನಾಲ್ಕನೆಯ ನಿಮಿಷಕ್ಕೆ ಕಣ್ಣು ಮುಚ್ಚಿದ ಪುಟ್ಟ ಡಬ್ಬಿಯವರಿಗೆ

ಚಾಮರಾಜಪೇಟೆಯ ನಮ್ಮ ನಡುಮನೆಯಲ್ಲಿ, ಟಿ.ವಿ.ಯ ಎಡಕ್ಕೆ, ದೇವರ ಗೂಡಿನ ಕೆಳಗೆ ವಿರಾಜಮಾನರಾಗಿರುವ, ಷೂ ಡಬ್ಬಿಗಿಂತ ತುಸುವೇ ದೊಡ್ಡ ದೇಹವಿದ್ದರೂ ಕಲ್ಯಾಣಮಂಟಪದಷ್ಟು ದೀಪಾಲಂಕಾರವುಳ್ಳ ಗೇಮಿಂಗ್ ಕಂಪ್ಯೂಟರ್ ಮಹಾಶಯರ ಸನ್ನಿಧಾನಕ್ಕೆ, ಚಿಕ್ಕಪೇಟೆಯ ಸೀರೆ ವ್ಯಾಪಾರಿ ರುದ್ರೇಶನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ತಮ್ಮ ಫ್ಯಾನಿನ ಸದ್ದಿನಿಂದಲೇ ತಿಳಿಯುತ್ತಿದೆ. ತಮ್ಮ ಕೃಪೆಯಿಂದ ನಾನೂ ಬಲಗೈಯ ಎರಡು ಬೆರಳಿಗೆ ಪಟ್ಟಿ ಸುತ್ತಿಕೊಂಡು ಕ್ಷೇಮವಾಗಿದ್ದೇನೆ. ಕಳೆದ ಭಾನುವಾರ ತಾವು ನನ್ನನ್ನು ನಡೆಸಿಕೊಂಡ ರೀತಿಯ ಬಗ್ಗೆ ತಮ್ಮ ಕಂಪನಿಗೇ ದೂರು ಬರೆಯಬಹುದಿತ್ತು. ಆದರೆ ಅಲ್ಲಿ ಉತ್ತರ ಕೊಡುವುದೂ ಒಂದು ಯಂತ್ರವೇ ಎಂದು ಮಗಳು ಹಂಸಾ ಹೇಳಿದ್ದರಿಂದ, ಯಂತ್ರಕ್ಕೇ ಬರೆಯುವುದಾದರೆ ಮನೆಯಲ್ಲಿರುವ ಯಂತ್ರಕ್ಕೇ ಬರೆಯೋಣವೆಂದು ತೀರ್ಮಾನಿಸಿದೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ, ಮನೆಯೊಳಗೆ ಕೈಮುಗಿದು ಹೇಳಿದ್ದನ್ನು ತಾವು ಈವರೆಗೆ ಕೇಳಿಸಿಕೊಂಡದ್ದಕ್ಕೆ ಪುರಾವೆಯಿಲ್ಲದಿರುವುದು.

ಐವತ್ತಮೂರು ವರ್ಷದ ಸೀರೆ ವ್ಯಾಪಾರಿ ಒಂದು ಆಟದ ಡಬ್ಬಿಯನ್ನು ಇಷ್ಟೇಕೆ ಓಲೈಸುತ್ತಾನೆಂದು ಓದುಗರು ಕೇಳಬಹುದು. ನಾನೂ ನಮ್ಮಣ್ಣ ಸಿದ್ದಬಸಪ್ಪನೂ ಮಾತು ಬಿಟ್ಟು ಆರು ವರ್ಷವಾಯಿತು. ಅಪ್ಪ ಕೂರುತ್ತಿದ್ದ ಗಾದಿಯನ್ನು ತೆಗೆದು ಗಾಜಿನ ಕೌಂಟರ್ ಹಾಕಿಸೋಣವೆಂದು ಅವನು, ಗಾದಿ ಅಲ್ಲಾಡಿದರೆ ಅಂಗಡಿಗೆ ಕಾಲಿಡುವುದಿಲ್ಲವೆಂದು ನಾನು. ಕೊನೆಗೆ ಅಂಗಡಿಯ ನಟ್ಟನಡುವೆ ಪ್ಲೈವುಡ್ ಗೋಡೆ ಎದ್ದು, ಆ ಕಡೆ ಕೌಂಟರೂ ಈ ಕಡೆ ಗಾದಿಯೂ ಉಳಿದವು, ಅಣ್ಣ ಬಸವನಗುಡಿಗೆ ಮನೆ ಮಾಡಿಕೊಂಡು ಹೋದ. ಹೀಗಾಗಿ ಇಕ್ಕಟ್ಟಿನಲ್ಲಿ ಸಂಸಾರ ಮಾಡುವುದು ಹೇಗೆಂದು ತಮಗೆ ನಾನೇ ಪಾಠ ಹೇಳಬಲ್ಲೆ.

ಎರಡು ವರ್ಷದ ಹಿಂದೆ ತಮ್ಮನ್ನು ಮನೆಗೆ ತಂದವಳು ಹಂಸಾ. ಲಾರಿ ಓಡಿಸುವ ಆಟವೊಂದನ್ನು ತಮ್ಮೊಳಗೆ ಹಾಕಿ ನನಗೆ ಕಲಿಸಿದವಳೂ, ಜೊತೆಗೆ ಲಾರಿ ಓಡಿಸಲು ಒಬ್ಬರನ್ನು ಹುಡುಕಿಕೊಟ್ಟವಳೂ ಅವಳೇ. ಆ ಇನ್ನೊಬ್ಬ ಲಾರಿಯವರ ಹೆಸರು ಪರದೆಯ ಮೇಲೆ ‘ಕೌಂಟರ್ ಕಿಂಗ್’ ಎಂದಿತ್ತು. ದನಿ ಕೇಳಿದೊಡನೆಯೇ ಅದು ಅಣ್ಣನೆಂದು ನನಗೆ ಗೊತ್ತಾಯಿತು, ನಾನೆಂದು ಅವನಿಗೂ ಗೊತ್ತಾಯಿತು, ಇಬ್ಬರೂ ಗೊತ್ತಾಗದವರಂತೆ ಉಳಿದೆವು. ಅಂದಿನಿಂದ ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ, "ಸಾರ್, ಸ್ವಲ್ಪ ಎಡಕ್ಕೆ ತಗೊಳಿ", "ಆಯ್ತು ಸಾರ್, ನೀವ್ ಮುಂದೆ ಹೋಗಿ" ಎಂದು ಒಡಹುಟ್ಟಿದವರಿಬ್ಬರು ಸಾರ್ ಸಾರ್ ಎನ್ನುತ್ತ ಕಾಣದ ದೇಶದ ರಸ್ತೆಗಳಲ್ಲಿ ಸಿಮೆಂಟು ಸಾಗಿಸಿದ್ದೇವೆ. ಎಂಬತ್ತೊಂದರ ನಮ್ಮಮ್ಮ ಭಾಗೀರಥಮ್ಮ ಆ ಹೊತ್ತಿಗೆ ಸರಿಯಾಗಿ ಅವರೆಕಾಯಿ ಸುಲಿಯಲು ತಮ್ಮ ಪಕ್ಕದಲ್ಲೇ ಬಂದು ಕೂರುತ್ತಾರೆ. ಅವರೆಕಾಯಿ ಕಾಲ ಮುಗಿದ ಮೇಲೆ ಬೆಳ್ಳುಳ್ಳಿಯನ್ನಾದರೂ ಸುಲಿಯುತ್ತಾರೆ. ಇಬ್ಬರು ಮಕ್ಕಳ ದನಿಯನ್ನು ಒಂದೇ ಕೋಣೆಯಲ್ಲಿ ಕೇಳಲು ಅವರಿಗೆ ಉಳಿದಿರುವುದು ತಮ್ಮ ಸ್ಪೀಕರ್ ಒಂದೇ.

ಹೀಗಿರುವಾಗ ಆಟದ ಹೊಸ ಆವೃತ್ತಿ ಬಂತು. ಮುಂದಿನ ಭಾನುವಾರದಿಂದ ಹಳೆಯದು ಬಂದ್ ಎಂದೂ, ಹೊಸದನ್ನು ಎಳೆಯಲು ತಮ್ಮ ಪ್ರೊಸೆಸರಿಗಾಗಲಿ ಗ್ರಾಫಿಕ್ಸ್ ಕಾರ್ಡಿಗಾಗಲಿ ತ್ರಾಣವಿಲ್ಲವೆಂದೂ ಪರದೆಯ ಮೇಲೆ ಕೆಂಪಕ್ಷರ ಮೂಡಿತು. ಕೌಂಟರ್ ಕಿಂಗರು ಗಂಟಲು ಸರಿಮಾಡಿಕೊಂಡು, "ನಾನು ಎರಡೂ ಹೊಸದು ಹಾಕಿಸ್ಬಿಟ್ಟೆ ಸಾರ್. ನೀವು ಹಳೇದನ್ನೇ ಹಿಡ್ಕೊಂಡ್ ಕೂರೋ ಪೈಕಿ, ನಂಗೊತ್ತು" ಎಂದರು. ಗಾದಿಯ ಜಗಳ ಆರು ವರ್ಷದ ಮೇಲೂ ಬಿಸಿಯಾಗಿಯೇ ಇತ್ತು. ನನಗೆ ಕೆಂಡದಂಥ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಾನುವಾರ ಕೈತಪ್ಪುತ್ತದೆಂಬ ಭಯವೂ ಆಯಿತು.

ಹಂಸಾ ಕಾಲೇಜಿನ ಪ್ರವಾಸಕ್ಕೆ ಹೋಗಿದ್ದಳು. ತಮ್ಮ ಹೊಟ್ಟೆಯ ಅಳತೆಯನ್ನು ನಾನೇ ಅಂಗಡಿಯ ಟೇಪಿನಿಂದ ತೆಗೆದೆ. ಮೂವತ್ತು ವರ್ಷ ರವಿಕೆ ಬಟ್ಟೆ ಅಳೆದ ಕೈ ಇದು. ಗಿರಾಕಿಗೆ ಒಂದು ಬೆರಳು ಹೆಚ್ಚಿಗೆ ಬಿಡುವುದು ಅಪ್ಪನ ಕಾಲದ ಪದ್ಧತಿ, ತಮಗೂ ಧಾರಾಳವಾಗಿ ಬಿಟ್ಟು, ಎಸ್.ಪಿ. ರಸ್ತೆಯಿಂದ ಹೊಸ ಪ್ರೊಸೆಸರನ್ನೂ ಕಾರ್ಡನ್ನೂ ತಂದೆ. ತಗಡು ಬಟ್ಟೆಯಂತೆ ಒಂದು ಬೆರಳು ಹಿಗ್ಗುವುದಿಲ್ಲವೆಂಬುದು, ಹೊಸ ಕಾರ್ಡು ತಮ್ಮ ಮುಂದಿನ ಫ್ಯಾನಿಗೆ ಮೂತಿ ತಾಗಿಸಿ ನಿಂತಾಗ ತಿಳಿಯಿತು. ಆ ಫ್ಯಾನನ್ನು ಕಿತ್ತು ಜಾಗ ಮಾಡುವಾಗಲೇ ಬೆರಳುಗಳು ಕುಯ್ದುಕೊಂಡದ್ದು. ಪ್ರೊಸೆಸರಿನ ತಲೆಯ ಮೇಲೆ ಕೂತು ಅದರ ಬಿಸಿಯನ್ನು ಹೀರಬೇಕಾದ ಕೂಲರ್ ಕೂಡ ಹೊಸದು ಬಂದಿತ್ತು. ಅದು ಎತ್ತರವಾಗಿ ತಮ್ಮ ಮುಚ್ಚಳ ಹಾಕಲು ಬಾರದೆ, ಹಳೆಯ ಕುಳ್ಳ ಕೂಲರನ್ನೇ ಸ್ಪಿರಿಟ್ಟಿನಲ್ಲಿ ಒರೆಸಿ ತಿಕ್ಕಿ ಇಟ್ಟುಕೊಂಡೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಬೂದುಬಣ್ಣದ ಒಂದು ಪೇಸ್ಟ್ ಇರಬೇಕಂತೆ, ಇಲ್ಲವಾದರೆ ಬಿಸಿ ದಾಟುವುದಿಲ್ಲವಂತೆ. "ಪೇಸ್ಟು ಕಂಪ್ನಿಯಿಂದ್ಲೇ ಹಚ್ಚಿ ಬರುತ್ತೆ, ತಲೆ ಕೆಡಿಸ್ಕೋಬೇಡಿ ಸಾರ್" ಎಂದು ಆ ಕಂಪ್ಯೂಟರ್ ಅಂಗಡಿಯವರು ಹೇಳಿದ್ದರು. ಅವರು ಹೇಳಿದ್ದು ನಾನು ಬಳಸದೆ ಬಿಟ್ಟ ಹೊಸ ಕೂಲರಿನ ಮಾತೆಂಬುದು ಆಗ ನನಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಪ್ರೊಸೆಸರನ್ನು ಅದರ ಪೀಠದಲ್ಲಿ ಕೂರಿಸಿದ್ದೆನಷ್ಟೆ, "ಸ್ನಾನ ಮಾಡ್ದೆ ಹೊಸ ಸಾಮಾನು ಮುಟ್ತಿದೀಯಲ್ಲೋ" ಎಂದು ಅಮ್ಮ ಗದರಿದರು. ಮಿಂದು ಬಂದು ನೋಡಿದರೆ ಪ್ರೊಸೆಸರಿನ ಮೇಲೆ ಬೂದುಬಣ್ಣದ ಮೂರು ಅಡ್ಡಗೆರೆಗಳು ಒಪ್ಪವಾಗಿ ಕಂಡವು. ಕಂಪನಿಯವರ ಕೈಕೆಲಸವೆಂದರೆ ಇದು ಎಂದು ತಲೆದೂಗಿ, ಕೂಲರನ್ನು ಅದರ ಮೇಲೆ ಬಿಗಿದು ಮುಚ್ಚಳ ಹಾಕಿದೆ.

ನಾಲ್ಕಕ್ಕೆ ತಾವು ಸರ್ವಾಲಂಕಾರಭೂಷಿತರಾಗಿ ಎದ್ದಿರಿ. ಲಾರಿ ಹೊರಟಿತು, ಅಮ್ಮ ಮೊರ ಎಳೆದುಕೊಂಡರು, ನಾಲ್ಕನೆಯ ನಿಮಿಷಕ್ಕೆ ತಾವು ಕಣ್ಣು ಮುಚ್ಚಿದಿರಿ. ಎಬ್ಬಿಸಿದೆ, ಮತ್ತೆ ನಾಲ್ಕನೆಯ ನಿಮಿಷಕ್ಕೆ ಮುಚ್ಚಿದಿರಿ. ತಮ್ಮ ಈ ಸಮಯಪಾಲನೆಗೆ ನಾನು ತಲೆಬಾಗುತ್ತೇನೆ. ನಮ್ಮ ಬೀದಿಗೆ ನೀರು ಬಿಡುವವರಿಗೆ ತಾವು ಒಂದು ವಾರ ತರಬೇತಿ ಕೊಡುವುದಾದರೆ ಬಡಾವಣೆಯ ಹೆಂಗಸರೆಲ್ಲ ತಮಗೆ ಆರತಿ ಎತ್ತುತ್ತಾರೆ. ಆದರೆ "ಸಾರ್, ಇದೀರಾ..." ಎಂಬಲ್ಲಿಗೆ ದನಿ ಕಡಿದುಹೋದಾಗ ಅಮ್ಮನ ಕೈ ಅವರೆಕಾಯಿಯ ಮೇಲೆಯೇ ನಿಂತಿತಲ್ಲ, "ಆಮೇಲೆ ಏನಂದ?" ಎಂದು ಅವರು ಕೇಳಿದರಲ್ಲ, ಅದನ್ನು ಮಾತ್ರ ನಾನು ಕ್ಷಮಿಸಲಾರೆ. ಆ ಗಳಿಗೆಯಲ್ಲಿ ತಮ್ಮನ್ನು ಎತ್ತಿ ಬೀದಿಗೆ ಎಸೆಯಬೇಕೆನಿಸಿತ್ತು.

ಮೂರನೆಯ ಸಲ ತಾವು ಕಣ್ಣು ಮುಚ್ಚುವ ಮುನ್ನ ಸ್ಪೀಕರಿನಿಂದ ಬಂದದ್ದು ಸಾರ್ ಎಂಬ ಮಾತಲ್ಲ. "ಲೋ ರುದ್ರಾ, ಸಿಕ್ಕಾಪಟ್ಟೆ ಹೀಟ್ ಆಗ್ತಿದೆ ಕಣೋ ಅದು, ಮುಟ್ಬೇಡ, ನಾನ್ ಬರ್ತೀನಿ ಇರು!"

ಅರ್ಧ ಗಂಟೆಯಲ್ಲಿ ಅಣ್ಣ ಬಾಗಿಲಲ್ಲಿದ್ದ, ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಸ್ಕ್ರೂಡ್ರೈವರೂ ಪೇಸ್ಟಿನ ಟ್ಯೂಬೂ. ನನ್ನ ಮುಖ ನೋಡದೆ ನೇರ ತಮ್ಮ ಮುಂದೆ ಚಕ್ಕಳಮಕ್ಕಳ ಹಾಕಿದ. ಕೂಲರ್ ಎತ್ತಿ, ಒಣಗಿ ಬಿರಿದಿದ್ದ ಪುಡಿಯನ್ನು ಬೆರಳಿಗೆ ತಾಗಿಸಿಕೊಂಡು ಮೂಸಿದ.

"ಅಮ್ಮಾ, ಇದಕ್ಕೂ ವಿಭೂತಿ ಇಟ್ಯಾ?"

"ಹೊಸದಾಗಿ ಮನೆಗ್ ಬಂದಿದೆ, ಬೋಳು ಹಣೇಲಿ ಕೂತಿತ್ತು. ಹಂಗೇ ಬಿಡೋಕಾಗುತ್ತಾ?"

ಅಣ್ಣ ನಕ್ಕ ರಭಸಕ್ಕೆ ಕೂಲರ್ ಕೈಜಾರಿ ಅವರೆಕಾಯಿಯ ಮೊರಕ್ಕೆ ಬಿತ್ತು. ಆಮೇಲೆ ಪ್ರೊಸೆಸರಿನ ವಿಭೂತಿಯನ್ನು ಮೆಲ್ಲಗೆ ತೆಗೆದ. ಅದನ್ನು ಕಸಕ್ಕೆ ಹಾಕುವಂತಿಲ್ಲ, ನೆಲಕ್ಕೆ ಉದುರಿಸುವಂತಿಲ್ಲ. ಏನು ಮಾಡುವುದೆಂದು ತಿಳಿಯದೆ ತನ್ನ ಹಣೆಗೆ ಹಚ್ಚಿಕೊಂಡು, ಬೆರಳಲ್ಲಿ ಉಳಿದದ್ದನ್ನು ನನ್ನ ಹಣೆಗೆ ಎಳೆದ. ಚಿಕ್ಕಂದಿನಲ್ಲಿ ಸ್ಕೂಲಿಗೆ ಹೊರಡುವಾಗ ನನಗೆ ವಿಭೂತಿ ಹಚ್ಚುತ್ತಿದ್ದವನು ಅವನೇ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಉಪ್ಪಿಟ್ಟಿಗೆ ರವೆ ಹುರಿಯಲು ಎದ್ದರು.

ಇನ್ನು ನನ್ನ ಮುಖ್ಯ ದೂರು. ಅಣ್ಣ ಪೇಸ್ಟ್ ಹಚ್ಚಿ ಹೋದಂದಿನಿಂದ ತಾವು ಒಮ್ಮೆಯೂ ಕೆಡದೆ, ಬಿಸಿಯೇರದೆ, ಅತ್ಯಂತ ಬೇಜವಾಬ್ದಾರಿಯಿಂದ ಸರಿಯಾಗಿ ನಡೆಯುತ್ತಿದ್ದೀರಿ. ಹೀಗೆ ಗಟ್ಟಿಮುಟ್ಟಾಗಿ ಕೂತರೆ ಅವನು ಯಾವ ನೆಪದಲ್ಲಿ ಬರಬೇಕು? ಬಾ ಎಂದು ಕರೆಯಲು ನನಗೆ ಬಿಗುಮಾನ, ಕರೆಯದೆ ಬರಲು ಅವನಿಗೆ. ಆದ್ದರಿಂದ ತಿಂಗಳಿಗೊಮ್ಮೆಯಾದರೂ, ಭಾನುವಾರ ನಾಲ್ಕು ಗಂಟೆ ನಾಲ್ಕು ನಿಮಿಷಕ್ಕೆ, ಅಣ್ಣನೊಬ್ಬನಿಂದ ಮಾತ್ರ ವಾಸಿಯಾಗುವಂಥ ಕಾಯಿಲೆ ಬೀಳಬೇಕೆಂದೂ, ಅದು ಉಪ್ಪಿಟ್ಟು ಬೇಯುವಷ್ಟು ಹೊತ್ತಾದರೂ ವಾಸಿಯಾಗದಂತೆ ನೋಡಿಕೊಳ್ಳಬೇಕೆಂದೂ, ಪಟ್ಟಿ ಸುತ್ತಿದ ಬೆರಳುಗಳ ಸಮೇತ ಕೈ ಜೋಡಿಸಿ ಬೇಡಿಕೊಳ್ಳುತ್ತೇನೆ.

ತಮ್ಮ ಬಿಸಿಯನ್ನೂ ಬಿಂಕವನ್ನೂ ತಾಳಿಕೊಂಡಿರುವ
ತಮ್ಮ ವಿಶ್ವಾಸಿ,
ರುದ್ರೇಶ್
(ಗಾದಿಯ ಮೇಲಿಂದ)

ತಾ.ಕ.: ಮುಚ್ಚಳ ಬಿಗಿದ ಮೇಲೆ ಒಂದು ಸ್ಕ್ರೂ ಉಳಿದಿದೆ. ಅದು ಕೂಲರಿನದೆಂದು ಅಣ್ಣ, ಮುಚ್ಚಳದ್ದೆಂದು ನಾನು. ನಾಲ್ಕು ದಿನದಿಂದ ಅಂಗಡಿಯಲ್ಲಿ ಪ್ಲೈವುಡ್ ಗೋಡೆಯ ಆ ಕಡೆಯಿಂದ ಅವನೂ ಈ ಕಡೆಯಿಂದ ನಾನೂ ಗಿರಾಕಿಗಳ ಮುಂದೆಯೇ ಕೂಗಾಡಿ ಜಗಳವಾಡುತ್ತಿದ್ದೇವೆ. ಅದು ಯಾವ ತೂತಿನದೆಂದು ತಮಗೆ ಗೊತ್ತಿದ್ದರೆ, ಬಾಯಿ ಬಿಟ್ಟೀರಿ, ಜೋಕೆ.